ದೊಡ್ಡಪ್ಪ ಅಂದರೆ ಎರಡು ಸಾವಿರ ಕಮ್ಮಿ

ಇವತ್ತು ಬೆಳಿಗ್ಗೆ ಲೆನ್ಸ್ ಒರೆಸೋಣವೆಂದು ಕ್ಯಾಮೆರಾ ಬ್ಯಾಗಿನ ಜಿಪ್ ಎಳೆದೆ. ಒಳಗಿಂದ ಅವರೆಕಾಯಿಯ ಸೊಗಡು ಘಮ್ಮೆಂದು ಬಂತು. ಫ್ಲ್ಯಾಶ್ ಇಡುವ ಖಾನೆಯಲ್ಲಿ ಒಂದಷ್ಟು ಕಾಯಿ ಬಿದ್ದಿದ್ದವು. ಸಿಪ್ಪೆಯ ಅಂಟು ಲೆನ್ಸಿನ ಮುಚ್ಚಳಕ್ಕೂ ಮೆತ್ತಿಕೊಂಡಿತ್ತು. ಈ ಬ್ಯಾಗು ಕೊಂಡಾಗ ಅಂಗಡಿಯವನು ಇದರೊಳಕ್ಕೆ ನೀರು ಹೋಗುವುದಿಲ್ಲ, ಧೂಳು ಹೋಗುವುದಿಲ್ಲ ಎಂದೆಲ್ಲ ವಿವರಿಸಿದ್ದ. ಅವರೆಕಾಯಿಯ ವಿಷಯ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಹಾಗೇ ಕೂತು ಮೂಸುತ್ತಾ ಇದ್ದೆ. ನಮ್ಮ ಯಜಮಾನರು ಎರಡು ಸಲ ಬಾಗಿಲಲ್ಲಿ ಇಣುಕಿ ನೋಡಿ, ಏನೂ ಕೇಳದಿರುವುದೇ ಕ್ಷೇಮವೆಂದುಕೊಂಡು ಹೋದರು. ಅವರು ಕೇಳಲಿಲ್ಲವಾದ್ದರಿಂದ ನಿಮಗೆ ಹೇಳುತ್ತೇನೆ.

ನಾನು ಚನ್ನಪಟ್ಟಣದಲ್ಲಿ ಫೋಟೋಗ್ರಾಫರ್. ಸ್ಟುಡಿಯೋ ಇಲ್ಲ, ಬೋರ್ಡಿಲ್ಲ. ಒಂದು ಸ್ಕೂಟರು, ಎರಡು ಕ್ಯಾಮೆರಾ. ಮದುವೆ, ಸೀಮಂತ, ಗೃಹಪ್ರವೇಶ, ಹೊಸ ಟ್ರ್ಯಾಕ್ಟರಿನ ಪೂಜೆ, ಯಾರು ಕರೆದರೆ ಅಲ್ಲಿಗೆ ಹೋಗುತ್ತೇನೆ. ಈ ಕಸುಬಿನಲ್ಲಿ ಹೆಂಗಸಾಗಿರುವುದಕ್ಕೆ ಒಂದು ಅನುಕೂಲವಿದೆ: ಮದುವೆ ಹೆಣ್ಣಿನ ಕೋಣೆಯೊಳಗೆ ನನ್ನನ್ನು ಯಾರೂ ತಡೆಯುವುದಿಲ್ಲ. ಅನಾನುಕೂಲ ಗೊತ್ತಾಗುವುದು ದುಡ್ಡು ಕೇಳುವಾಗ. "ಗಂಡ ದುಡೀತಾನಲ್ವಾ, ನಿಂಗ್ಯಾಕವ್ವ ಅಷ್ಟೊಂದು ದುಡ್ಡು?" ಎಂದು ಮರುಕದಿಂದ ಕೇಳುತ್ತಾರೆ. ಗಂಡಸು ಫೋಟೋಗ್ರಾಫರನ್ನು ಹೆಂಡತಿಯ ಸಂಬಳದ ಬಗ್ಗೆ ಹೀಗೆ ವಿಚಾರಿಸುತ್ತಾರೋ ಇಲ್ಲವೋ, ನನಗೆ ತಿಳಿಯದು.

ಒಪ್ಪಿಕೊಂಡ ರೇಟು ಅಂತ ಒಂದಿರುತ್ತದೆ. ಇದನ್ನು ನಮ್ಮ ಕಡೆಯವರು ಬಹಳ ಗೌರವದಿಂದ ಒಪ್ಪಿಕೊಳ್ಳುತ್ತಾರೆ. ಕೆಲಸವೆಲ್ಲ ಮುಗಿದ ಮೇಲೆ ಚೌಕಾಸಿ ಶುರುಮಾಡುವುದಕ್ಕೆ ಎಲ್ಲಿಂದಲಾದರೂ ಒಂದು ಕಡೆಯಿಂದ ಹೊರಡಬೇಕಲ್ಲ, ಅದಕ್ಕೆ. ರಾಮನಗರದಲ್ಲಿ ರೇಷ್ಮೆಗೂಡು ಕೊಳ್ಳುವ ಒಬ್ಬರು ನನ್ನ ಆಲ್ಬಮ್ಮನ್ನು ಕೈಯಲ್ಲಿ ತೂಗಿ ನೋಡಿ, ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರು. ಗೂಡಾದರೆ ಒಳಗಿನ ಹುಳ ಸದ್ದು ಮಾಡುತ್ತದಂತೆ. ಆಲ್ಬಮ್ಮು ಸದ್ದು ಮಾಡಲಿಲ್ಲ, ಸಾವಿರ ರೂಪಾಯಿ ಹಿಡಿದುಕೊಂಡರು. ಕನಕಪುರದ ಇನ್ನೊಬ್ಬರು ಪುಟ ಪುಟವೂ ತಿರುವಿ ಒಬ್ಬ ದಪ್ಪ ಮೀಸೆಯವನ ಮೇಲೆ ಬೆರಳಿಟ್ಟರು.

"ಇವ್ನ ಯಾಕ್ ತಗುದ್ರಿ? ಬದುವಿನ ವಿಚಾರ್ದಲ್ಲಿ ಕೋರ್ಟಲ್ಲಿ ಕೇಸ್ ನಡೀತೈತೆ ನಮ್ಗೂ ಇವ್ನಿಗೂ. ಇವ್ನಿರೋ ಫೋಟೋಕೆಲ್ಲ ನಾನ್ ದುಡ್ ಕೊಡಾಕಿಲ್ಲ."

"ಹಾಗಾದ್ರೆ ಆ ಫೋಟೋಗಳನ್ನ ಅವರಿಗೇ ಕೊಟ್ಟು ದುಡ್ಡು ಈಸ್ಕೊಳ್ಳಲಾ?" ಅಂದೆ.

"ಅದೆಂಗಾಯ್ತದೆ? ಫೋಟೋ ನಮ್ದು!" ಅಂದರು.

ಇವರೆಲ್ಲ ಬಿಡಿ, ಬಂದು ಹೋಗುವವರು. ಚೌಕಾಸಿಯನ್ನು ಒಂದು ವಿದ್ಯೆಯಂತೆ ಮಾಡುತ್ತಿದ್ದವರು ಬೈರಾಪಟ್ಟಣದ ಬೋರೇಗೌಡರು. ತೆಂಗು, ರಾಗಿ, ಒಂದಿಷ್ಟು ಗದ್ದೆ, ಮಾವಿನ ತೋಪು ಇರುವ ಅನುಕೂಲಸ್ಥರು. ಅವರ ದೊಡ್ಡ ಮಗಳ ಮದುವೆಯೇ ನಾನು ಒಬ್ಬಳೇ ನಿಂತು ತೆಗೆದ ಮೊದಲನೇ ಮದುವೆ. ಹೆಂಗಸಿನ ಕೈಗೆ ಯಾರೂ ಮದುವೆ ಕೊಡದಿದ್ದ ಕಾಲದಲ್ಲಿ, "ತಗೀಲಿ ಬುಡ್ರಲಾ, ಕ್ಯಾಮ್ರಾಕ್ಕೇನ್ ಗೊತ್ತಾಯ್ತದಾ ಒತ್ತಾದು ಗಂಡೋ ಹೆಣ್ಣೋ ಅಂತ" ಎಂದು ನೆಂಟರ ಬಾಯಿ ಮುಚ್ಚಿಸಿ ಕೆಲಸ ಕೊಟ್ಟವರು ಅವರೇ. ಅದನ್ನು ನಾನು ಮರೆತಿಲ್ಲ. ಮರೆಯುವುದಕ್ಕೆ ಅವರೂ ಬಿಡುತ್ತಿರಲಿಲ್ಲ.

ಹದಿನೆಂಟು ಸಾವಿರಕ್ಕೆ ಮಾತಾಗಿತ್ತು. ಮದುವೆ ಮುಗಿದು ಲೆಕ್ಕ ಚುಕ್ತಾ ಮಾಡುವ ದಿನ ಜಗುಲಿಯ ಮೇಲೆ ಕೂರಿಸಿ, ಎಲೆಗೆ ಸುಣ್ಣ ಹಚ್ಚುತ್ತಾ, "ಎಷ್ಟಂದೆ?" ಅಂದರು, ಆ ವಿಷಯ ಅವತ್ತೇ ಮೊದಲು ಕಿವಿಗೆ ಬಿದ್ದವರ ಹಾಗೆ.

"ಹದಿನೆಂಟು, ಗೌಡ್ರೇ."

"ಗೌಡ್ರೇ ಅಂತ ಯಾಕಂತೀಯವ್ವ? ನೀನೇನ್ ಹೊರಗ್ನೋಳಾ? ದೊಡ್ಡಪ್ಪ ಅನ್ನು."

ಆ ವರ್ಷವೇ ನನ್ನ ಅಪ್ಪ ತೀರಿಕೊಂಡಿದ್ದರು. ದೊಡ್ಡಪ್ಪ ಅಂದೆ. ಅವರು ನನ್ನ ಕೈಯಲ್ಲಿ ದುಡ್ಡಿಟ್ಟು ತಲೆ ಸವರಿದರು. ಸ್ಕೂಟರಿನ ಹತ್ತಿರ ಬಂದು ಕಣ್ಣೊರೆಸಿಕೊಂಡು ಎಣಿಸಿದರೆ ಎರಡು ಸಾವಿರ ಕಮ್ಮಿ ಇತ್ತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದ ಪ್ರತಿ ಕಾರ್ಯಕ್ಕೂ ನಾನೇ. ಪ್ರತಿ ಸಲವೂ ಅದೇ ಜಗುಲಿ, ಅದೇ ಸುಣ್ಣ, ಅದೇ "ಎಷ್ಟಂದೆ?" ಮನೆಮಗಳು ಅನ್ನುವ ಪದವಿಗೆ ನಾನು ವರ್ಷಾವರಿ ಚಂದಾ ಕಟ್ಟುತ್ತಿದ್ದೆ ಅಂದುಕೊಳ್ಳಿ. ಆದರೆ ಬರಿಗೈಯಲ್ಲಿ ಕಳಿಸಿದ್ದೂ ಇಲ್ಲ. ಗೌಡರ ಹೆಂಡತಿ ಜಯಕ್ಕ ಅಷ್ಟರಲ್ಲಿ ಸ್ಕೂಟರಿನ ಮುಂದೆ ಒಂದು ಚೀಲ ಇಟ್ಟಿರುತ್ತಿದ್ದರು. ತೆಂಗಿನಕಾಯಿ, ಮಾವು, ಅವರೆ ಕಾಲದಲ್ಲಿ ಅವರೆಕಾಯಿ. ಕಾಲಿಡಲು ಜಾಗವಿಲ್ಲದೆ ಎರಡೂ ಕಾಲನ್ನು ಆಚೆ ಈಚೆ ಚಾಚಿಕೊಂಡು ನಾನು ಹೆದ್ದಾರಿಯಲ್ಲಿ ಬರುವುದನ್ನು ಕಂಡು ಪರಿಚಯದವರು ನಗುತ್ತಿದ್ದರು. ನಮ್ಮ ಯಜಮಾನರು ಗುಮಾಸ್ತರು, ಲೆಕ್ಕದ ಮನುಷ್ಯ. "ಈ ತಿಂಗಳ ಸ್ಕೂಟರಿನ ಕಂತಿಗೆ ಬ್ಯಾಂಕಿನವರು ತೆಂಗಿನಕಾಯಿ ತಗೋತಾರಾ, ವಿಚಾರಿಸಿದ್ಯಾ?" ಎಂದು ಕೇಳುತ್ತಿದ್ದರು.

ಆ ಮಾತು ನಾಟುತ್ತಿತ್ತು. ಅಷ್ಟರಲ್ಲಿ ಸಾಲ ಮಾಡಿ ಹೊಸ ಕ್ಯಾಮೆರಾ ಬೇರೆ ಕೊಂಡೆ. ಜೊತೆಯ ಫೋಟೋಗ್ರಾಫರುಗಳು, "ಬಾಯಿಮಾತು ನಂಬಬೇಡಿ, ಎಲ್ಲಾ ಫೋನಲ್ಲಿ ಇರಬೇಕು" ಎಂದು ಬುದ್ಧಿ ಹೇಳಿದರು. ಒಂದೇ ಒಂದು ಸಲ, ಆಡಿದ ದುಡ್ಡನ್ನು ಆಡಿದ ಹಾಗೆ ಬೋರೇಗೌಡರ ಕೈಯಿಂದ ಈಸಿಕೊಳ್ಳಬೇಕು ಅನ್ನುವುದು ನನಗೊಂದು ಹಟವಾಗಿಹೋಯಿತು. ಗೌಡರ ಕಿರಿಮಗಳು ಸೌಮ್ಯಳ ಮದುವೆ ನಿಶ್ಚಯವಾದಾಗ ಆಲ್ಬಮ್ಮೂ ಸೇರಿ ನಲವತ್ತು ಸಾವಿರವೆಂದು ಮೆಸೇಜು ಹಾಕಿದೆ. ಗೌಡರಿಗೆ ಒತ್ತಿ ಬರೆಯುವ ತಾಳ್ಮೆಯಿಲ್ಲ, ಮಾತಾಡಿ ಕಳಿಸಿದರು: "ನಲವತ್ತು ಸಾವ್ರಾನಾ? ಆಯ್ತು ಕಣವ್ವ, ಅಂಗೇ ಆಗ್ಲಿ. ಚೆಂದಾಗಿ ತಗಿ." ಆ ಧ್ವನಿಯನ್ನು ಜೋಪಾನವಾಗಿ ಇಟ್ಟುಕೊಂಡೆ.

ಮದುವೆ ಚೆನ್ನಾಗಿ ಆಯಿತು. ನಮ್ಮ ಕಡೆ ಮದುವೆಯಾದ ಮೇಲೆ ಬೀಗರೂಟ ಇರುತ್ತದೆ ಅಂತ ನಿಮಗೆ ಗೊತ್ತಲ್ಲ. ಮದುವೆ ದಿನದ ಪಾಯಸ, ಕೋಸಂಬರಿಗೆ ಸುಮ್ಮನಿದ್ದ ನೆಂಟರೆಲ್ಲ ಮುದ್ದೆ, ಮಾಂಸದ ಸಾರಿಗೆ ಎಚ್ಚರವಾಗುವ ದಿನ. ಫೋಟೋದವರ ಬಾಕಿ ತೀರಿಸುವ ದಿನವೂ ಅದೇ. ಇದರಲ್ಲೊಂದು ಉಪಾಯವಿದೆ: ಎಲೆಯ ಮುಂದೆ ಕೂರಿಸಿ, ಬೇಡ ಬೇಡವೆಂದರೂ ಬಡಿಸಿ, ಕೈ ತೊಳೆದ ಮೇಲೆ ರೇಟಿನ ಮಾತೆತ್ತುತ್ತಾರೆ. ಅವರ ಮನೆಯ ಸಾರು ಇನ್ನೂ ನಾಲಿಗೆಯ ಮೇಲಿರುವಾಗ ಯಾರು ತಾನೆ ಜಗಳವಾಡಿಯಾರು?

ಶಾಮಿಯಾನದ ಕೆಳಗೆ ತಿಪ್ಪಸಂದ್ರದಿಂದ ಬಂದಿದ್ದ ಹೊಸ ಬೀಗರು ಸಾಲಾಗಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ನಡುವೆ ಗೌಡರು, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ನನ್ನನ್ನು ಕರೆದರು.

"ನೋಡಿ, ಇವ್ಳೇ ನಮ್ ಫೋಟೋದೋಳು. ನಲವತ್ತು ಅಂದಿದ್ಲು. ಮೂವತ್ತೆರಡಕ್ಕೆ ಮುಗಿಸ್ತಾಳೆ. ನಾನ್ ಕೊಟ್ಟಷ್ಟು ಈಸ್ಕೊಂಡು ಓಯ್ತಾಳೆ, ಮನೆಮಗ್ಳು."

ನಾನು ಫೋನು ತೆಗೆದೆ. ಒತ್ತಿದೆ. "ನಲವತ್ತು ಸಾವ್ರಾನಾ? ಆಯ್ತು ಕಣವ್ವ, ಅಂಗೇ ಆಗ್ಲಿ..." ಗೌಡರ ಧ್ವನಿ ಶಾಮಿಯಾನದ ತುಂಬ ಮೊಳಗಿತು. ಹೊಸ ಫೋನು, ಸ್ಪೀಕರು ಬಹಳ ಚೆನ್ನಾಗಿತ್ತು.

ಬೀಗರಲ್ಲಿ ದೊಡ್ಡವರೊಬ್ಬರು ತೊಡೆ ತಟ್ಟಿ ನಕ್ಕರು. "ಗೌಡ್ರೇ, ನಿಮ್ ಮನೆಮಗ್ಳು ನಿಮ್ನೇ ಹಿಡುದ್ಬುಟ್ಲಲ್ಲ!" ಎಲ್ಲರೂ ನಕ್ಕರು. ಗೌಡರೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಜೇಬಿನಿಂದ ನೋಟಿನ ಕಂತೆ ತೆಗೆದು, ಅಡ್ವಾನ್ಸು ಹತ್ತು ಕಳೆದು ಮೂವತ್ತು ಸಾವಿರ ಎಣಿಸಿ ಮುಂದೆ ಚಾಚಿದರು.

"ತಗೊಳ್ಳಿ ಮೇಡಂ. ಸರ್ಯಾಗೈತಾ ನೋಡ್ಕೊಳ್ಳಿ."

ಮೇಡಂ. ಚನ್ನಪಟ್ಟಣದ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಜನ ನನ್ನನ್ನು ಹಾಗೆ ಕರೆಯುತ್ತಾರೆ, ಯಾವತ್ತೂ ನೋವಾಗಿರಲಿಲ್ಲ. ಅವತ್ತು ಜಗುಲಿಯ ಕಂಬಕ್ಕೆ ಒರಗಿಸಿ ಜಯಕ್ಕ ಅವರೆಕಾಯಿಯ ಚೀಲ ಇಟ್ಟಿದ್ದರು. ಅದನ್ನು ಸ್ಕೂಟರಿಗೆ ಯಾರೂ ಎತ್ತಿಡಲಿಲ್ಲ. ಕೇಳುವುದು ಹೇಗೆ? ಕಾಲಿಡಲು ಬೇಕಾದಷ್ಟು ಜಾಗವಿದ್ದ ಸ್ಕೂಟರಿನಲ್ಲಿ ಆರಾಮವಾಗಿ ಕೂತು ಮನೆಗೆ ಬಂದೆ. ಯಜಮಾನರು ಎರಡು ಸಲ ಎಣಿಸಿ, "ಸರಿಯಾಗಿದೆಯಲ್ಲೇ!" ಎಂದು ಬೆರಗಾದರು. ನಾನು ಒಳಗೆ ಹೋಗಿ ಮಲಗಿದೆ.

ತಪ್ಪು ನನ್ನದಲ್ಲ. ಇವತ್ತಿಗೂ ಹಾಗೇ ಹೇಳುತ್ತೇನೆ. ನಲವತ್ತು ಅಂದರೆ ನಲವತ್ತು. ಹೆಣ್ಣು ಕೊಟ್ಟ ತಂದೆ ಹೊಸ ಬೀಗರ ಮುಂದೆ ತನ್ನ ಮಾತು ನಡೆಯುತ್ತದೆ ಅಂತ ತೋರಿಸಿಕೊಳ್ಳಬೇಕಾದರೆ ಅದರ ಖರ್ಚು ನಾನೇಕೆ ಭರಿಸಲಿ? ಈ ವಾದದಲ್ಲಿ ಎಲ್ಲೂ ಬಿರುಕಿಲ್ಲ. ಎಷ್ಟೋ ಸಲ ಸ್ಕೂಟರಿನಲ್ಲಿ ಒಬ್ಬಳೇ ಹೋಗುವಾಗ ಇದನ್ನು ಜೋರಾಗಿ ವಾದಿಸಿ ಗೆದ್ದಿದ್ದೇನೆ.

ಆದರೆ ಆ ಮನೆಯಿಂದ ಮತ್ತೆ ಫೋನು ಬರಲಿಲ್ಲ. ಗೌಡರ ಮಗ ಮನೆಯ ಮೇಲೆ ಮಹಡಿ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಮಂಡ್ಯದ ಕಡೆಯ ಯಾರೋ ಬಂದು ಫೋಟೋ ತೆಗೆದರಂತೆ. ಸೌಮ್ಯ ಸ್ಟೇಟಸ್ಸಿಗೆ ಹಾಕಿದ್ದಳು. ಕೆಟ್ಟದಾಗಿವೆ ಅಂತ ಹೇಳಲು ಕಾರಣ ಹುಡುಕಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಚೆನ್ನಾಗಿಯೇ ಇದ್ದವು. ಒಮ್ಮೆ ಕೆಂಗಲ್ಲಿನಲ್ಲಿ ಆಂಜನೇಯನ ಗುಡಿಯ ಮುಂದೆ ಯಾರದೋ ಟ್ರ್ಯಾಕ್ಟರಿನ ಪೂಜೆಗೆ ಬಗ್ಗಿ ನಿಂಬೆಹಣ್ಣಿನ ಫೋಟೋ ತೆಗೆಯುತ್ತಿದ್ದೆ. ಎದ್ದರೆ ಎದುರಿಗೆ ಗೌಡರು. "ಚೆನ್ನಾಗಿದ್ದೀರಾ ಮೇಡಂ?" ಅಂದರು. "ಚೆನ್ನಾಗಿದೀನಿ" ಅಂದೆ. ಇಷ್ಟು ಮರ್ಯಾದೆಯಾಗಿ ಬೈಸಿಕೊಂಡಿದ್ದು ನಾನು ಬೇರೆಲ್ಲೂ ಇಲ್ಲ.

ಮೊನ್ನೆ ಜಯಕ್ಕ ಫೋನು ಮಾಡಿದರು. "ಸೌಮ್ಯನ ಮಗೀಗೆ ನಮ್ ಮನೇಲೇ ಕಿವಿ ಚುಚ್ಚಿಸ್ತೀವಿ ಕಣವ್ವ. ನಿನ್ನೇ ಕರೀಬೇಕು ಅಂತ ಹಟ ಹಿಡ್ದವ್ಳೆ. ಎಷ್ಟಾಯ್ತದೆ?" ಎಂಟು ಸಾವಿರ ಅಂದೆ. "ಅವ್ರಿಗೆ ಏಳ್ತೀನಿ" ಎಂದು ಇಟ್ಟುಬಿಟ್ಟರು. ಸಂಜೆ ಮತ್ತೆ ಫೋನು ಮಾಡಿ, ಬಾ ಅಂದರು. ಗೌಡರು ಏನಂದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಿನ್ನೆ ಹೋದೆ. ಗೌಡರು ಮಫ್ಲರು ಸುತ್ತಿಕೊಂಡು ಜಗುಲಿಯ ಮೂಲೆಯಲ್ಲಿ ಕೂತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. "ಬನ್ನಿ ಮೇಡಂ" ಅಂದರು, ಅಷ್ಟೇ. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿ ಅಕ್ಕಸಾಲಿ ಆಚಾರರು ಚಿನ್ನದ ತಂತಿ ಏರಿಸಿದರು. ಮಗು ಕಿಟಾರನೆ ಕಿರುಚಿತು. ಆಗ ಕ್ಯಾಮೆರಾದಲ್ಲಿ ಕಂಡಿದ್ದು ಮಗುವಿನ ಹಿಂದೆ ಗೌಡರ ಮುಖ: ತನ್ನ ಕಿವಿಗೇ ಚುಚ್ಚಿದ ಹಾಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಒತ್ತಿದೆ.

ಊಟವಾಯಿತು. ಜಗುಲಿಗೆ ಕರೆದರು. ಎಲೆ ಇತ್ತು, ಸುಣ್ಣ ಇತ್ತು. ಗೌಡರು ಒಳಜೇಬಿನಿಂದ ದುಡ್ಡು ತೆಗೆದರು. "ಎಷ್ಟಂದೆ?" ಅನ್ನಲಿ, ಅಂತ ನಾನು ಕಾದೆ. ಅನ್ನಲಿಲ್ಲ. "ಎಂಟು ಸಾವ್ರ ಅಲ್ವಾ ಮೇಡಂ?" ಎಂದು ಎಣಿಸಿ ಪೂರ್ತಿ ಮುಂದೆ ಚಾಚಿದರು.

ಒಪ್ಪಿದ ರೇಟು, ಒಂದು ರೂಪಾಯಿ ಕಡಿಮೆಯಿಲ್ಲದೆ. ನನಗೆ ಕೈ ನೀಡಲಾಗಲಿಲ್ಲ. ಇದನ್ನು ಈಸಿಕೊಂಡರೆ ಈ ಮನೆಗೆ ನಾನು ಕೊನೆತನಕ ಮೇಡಮ್ಮೇ.

"ಜಾಸ್ತಿ ಅನ್ನಿಸ್ಲಿಲ್ವಾ, ದೊಡ್ಡಪ್ಪ?" ಅಂದೆ.

ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಬಾಗಿಲಲ್ಲಿ ಜಯಕ್ಕ ನಿಂತರು. ಗೌಡರು ನನ್ನ ಮುಖವನ್ನೇ ನೋಡಿದರು, ಕೈಯಲ್ಲಿದ್ದ ನೋಟುಗಳನ್ನು ನೋಡಿದರು, ಆಮೇಲೆ ನಿಧಾನವಾಗಿ ಕೈ ಹಿಂದಕ್ಕೆಳೆದುಕೊಂಡರು.

"ಅನ್ನಿಸ್ದೆ ಏನವ್ವ? ಗೇಣುದ್ದ ಮಗ. ಇರಾದು ಎರಡು ಕಿವಿ. ಅದ್ಕೆ ಎಂಟು ಸಾವ್ರಾನಾ?"

"ಕಿವಿ ಎರಡೇ ಇರಬಹುದು, ಎಷ್ಟೊತ್ತು ಅತ್ತಿತು ನೋಡಿದ್ರಲ್ಲ? ಅಷ್ಟನ್ನೂ ತೆಗೆದಿದ್ದೀನಿ."

"ಅಳಾದ್ಕೂ ದುಡ್ಡಾ! ಐದು ತಗಾ."

"ದೊಡ್ಡಪ್ಪ ಆದೋರು ಮಗಳ ಹೊಟ್ಟೆ ಮೇಲೆ ಹೊಡೀತಾರಾ? ಏಳೂವರೆಗೆ ಕಮ್ಮಿ ಮುಟ್ಟಲ್ಲ ನಾನು."

"ಲೇ ಜಯಾ, ನೋಡಿದ್ಯಾ? ನಮ್ ಮಾತ ನಮ್ಗೇ ತಿರುಗ್ಸವ್ಳೆ!" ಗೌಡರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎಷ್ಟೋ ಹೊತ್ತು ಎಳೆದಾಡಿದೆವು. ಕೊನೆಗೆ ಆರಕ್ಕೆ ನಿಂತಿತು. ಚೀಲ ಕಟ್ಟಲಾಗದಷ್ಟು ತುಂಬಿತ್ತು. ಹೊರಗೆ ಉಳಿದ ಅವರೆಕಾಯಿಯನ್ನು ಜಯಕ್ಕ ನನ್ನ ಕ್ಯಾಮೆರಾ ಬ್ಯಾಗಿಗೆ ತುರುಕಿದರು. ಎರಡೂ ಕಾಲನ್ನು ಆಚೆ ಈಚೆ ಚಾಚಿಕೊಂಡು ಮನೆಗೆ ಬಂದೆ.

ಹೀಗೆ ಒಪ್ಪಿದ ರೇಟನ್ನು ನಾನೇ ಮೇಲೆ ಬಿದ್ದು ಇಳಿಸಿಕೊಂಡು ಬಂದ ಸಂಗತಿಯನ್ನು ಯಜಮಾನರಿಗೆ ಇನ್ನೂ ಹೇಳಿಲ್ಲ. ಕಂತಿನ ದಿನ ಹತ್ತಿರವಿದೆ, ಅವರಿಗೆ ತಾನಾಗಿ ಗೊತ್ತಾಗುತ್ತದೆ. ಬ್ಯಾಗು ಒರೆಸಿಟ್ಟು, ನಿನ್ನೆಯ ಫೋಟೋಗಳಲ್ಲಿ ಗೌಡರು ಕಣ್ಣು ಮುಚ್ಚಿಕೊಂಡಿರುವುದೊಂದನ್ನು ಅವರ ಫೋನಿಗೆ ಕಳಿಸಿದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಉತ್ತರ ಬಂತು, ಧ್ವನಿಯಲ್ಲೇ.

"ನೋಡ್ದೆ ಕಣವ್ವ. ಕಣ್ಣೇ ಬುಟ್ಟಿಲ್ವಲ್ಲ ನಾನು? ಇದ್ಕೆ ದುಡ್ ಕೊಡಾಕಿಲ್ಲ."

ಈ ಧ್ವನಿಯನ್ನು ಯಾರ ಮುಂದೆಯೂ ಹಾಕುವುದಿಲ್ಲ. ಸುಲಿದ ಕಾಳು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಇನ್ನೊಂದು ಸಲ ಕೇಳಿದೆ.