ಅಂಗೈಯೊಳಗಿನ ದ್ರಾಕ್ಷಿ

ನಮ್ಮ ಗಿಟಾರ್ ಮಾಸ್ತರರ ಎಡಗೈ ಬೆರಳಿನ ತುದಿ ಎಷ್ಟು ಗಟ್ಟಿಯಿತ್ತೆಂದರೆ, ಕುದಿಯುವ ಎಣ್ಣೆಯಿಂದ ಮಿರ್ಚಿ ಭಜಿಯನ್ನು ಕೈಯಿಂದಲೇ ಎತ್ತಿ ಕೊಡುತ್ತಿದ್ದರು. ಸರಿ, ಎಣ್ಣೆಯಿಂದಲ್ಲ, ತಟ್ಟೆಯಿಂದ. ಆದರೆ ಹೊಗೆಯಾಡುವ ತಟ್ಟೆಯಿಂದ. ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕೆಂಬುದು ಇಡೀ ಅಥಣಿಗೆ ಗೊತ್ತು. ಆ ಬೆರಳಿನಿಂದ ಮೇಜು ತಟ್ಟಿದರೆ ಉಗುರು ತಟ್ಟಿದಂತೆ ಟಕ್ ಟಕ್ ಎನ್ನುತ್ತಿದ್ದದ್ದು ಮಾತ್ರ ಪೂರ್ತಿ ನಿಜ.

ಹರೆಯದಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ನಿಪ್ಪಾಣಿಯಿಂದ ಮೀರಜದವರೆಗೆ ಬಾರಿಸಿದವರು, ಈಗ ಮೋಟಾರ್ ವೈಂಡಿಂಗ್ ಅಂಗಡಿಯ ಮಾಳಿಗೆಯಲ್ಲಿ ಕಲಿಸುತ್ತಿದ್ದರು. ನಾನು ಹೋದದ್ದು ಕಲಿಯಲಿಕ್ಕಲ್ಲ, ಪ್ರತಿಭೆ ತೋರಿಸಲಿಕ್ಕೆ. ಮೊಬೈಲ್ ನೋಡಿ ಕಲಿತದ್ದನ್ನು ರೈಲಿನ ವೇಗದಲ್ಲಿ ಬಾರಿಸಿದೆ. ಯಾವುದೋ ಪಂಪಸೆಟ್ ಸುಟ್ಟಿತೆಂದು ಕೆಳಗಿನ ಅಂಗಡಿಯವನು ಮೇಲೆ ಓಡಿ ಬಂದ.

ಮಾಸ್ತರ್ ನನ್ನ ಎಡಗೈಯನ್ನಷ್ಟೇ ನೋಡುತ್ತಿದ್ದರು. "ಅದರ ಕುತ್ತಿಗಿ ಯಾಕ ಹಿಚಕಾಕತ್ತೀಯೋ? ಗಿಟಾರ್ ಏನ್ ನಿನ್ನ ದಾಯಾದಿ ಏನಲೇ?"

"ಫಾಸ್ಟ್ ಬರ್ತೈತಲ್ರಿ, ಸರ್."

"ಫಾಸ್ಟ್ ತಪ್ಪೂ ಬರ್ತೈತಿ. ಕೈ ಭಾಳ ಭೋಳೆ ಐತೋ. ತಪ್ಪು ಕಲಿಸಿದ್ರ, ಅದನ್ನ ಖರೇ ಅಂತ ನಂಬ್ತೈತಿ."

ಮರುದಿನ ನಮ್ಮ ತೋಟದ ದ್ರಾಕ್ಷಿ ತರಿಸಿದರು. ಗುರುದಕ್ಷಿಣೆ ಎಂದುಕೊಂಡೆ. ಅದರಲ್ಲೊಂದನ್ನು ತೆಗೆದು ಗಿಟಾರಿನ ಕುತ್ತಿಗೆಗೂ ನನ್ನ ಅಂಗೈಗೂ ನಡುವೆ ಇಟ್ಟರು. ಬೆರಳು ತಂತಿ ಒತ್ತಬೇಕು, ಹೆಬ್ಬೆರಳು ಹಿಂದೆ ಸುಮ್ಮನೆ ತಾಗಿರಬೇಕು. ಹಣ್ಣು ಬೀಳಬಾರದು, ಒಡೆಯಲೂಬಾರದು. ಒಡೆಯಿತು. ರಸ ಮೊಣಕೈ ದಾಟಿ ಅಂಗಿಗಿಳಿಯಿತು. ಆ ಸಂಜೆ ಇರುವೆಗಳು ನನ್ನನ್ನು ಮನೆತನಕ ಬಿಟ್ಟುಹೋದವು.

ದ್ರಾಕ್ಷಿ ಸುಗ್ಗಿ ಮುಗಿದಾಗ ಒಣದ್ರಾಕ್ಷಿ ಒಯ್ದೆ. ಎಷ್ಟು ಹಿಚುಕಿದರೂ ಒಡೆಯುವುದಿಲ್ಲವಲ್ಲ! ಮಾಸ್ತರ್ ಅದನ್ನು ಬಾಯಿಗೆ ಹಾಕಿಕೊಂಡು, "ಶಾಣ್ಯಾ ಅದಿ. ನಾಳೆ ಟೊಮ್ಯಾಟೊ ತಾ" ಎಂದರು.

ಅವರು ಹೇಳಿದ ನಿಧಾನದಲ್ಲಿ ನಾನು ಒಂದು ಬೆರಳು ಎತ್ತಿ ಇನ್ನೊಂದನ್ನು ಇಡುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇಡೀ ಓಣಿ ದಾಟಿಹೋಗುತ್ತಿತ್ತು.

"ಕೈಗೆ ಯಾವಾಗ ಬರ್ತೈತ್ರಿ, ಸರ್?"

"ನೀ ಮರತ ಮ್ಯಾಲೂ ಕೈ ನೆನಪಿಡಬೇಕು. ಅವತ್ತ ಬಂತು ಅಂತ ತಿಳ್ಕೊ."

ಸುಗ್ಗಿ ತಿರುಗಿ ಬಂದ ಮೇಲೆ ಒಂದು ದಿನ ಹಾಡು ಮುಗಿದರೂ ದ್ರಾಕ್ಷಿ ಇಡಿಯಾಗಿಯೇ ಉಳಿಯಿತು. ಚಪ್ಪಾಳೆಗೆ ಕಾದೆ. ಮಾಸ್ತರ್ ಹಣ್ಣನ್ನು ತೆಗೆದುಕೊಂಡು ತಿಂದರು. "ಇದು ನನ್ನ ಪಗಾರ."

ಇಲ್ಲಿಂದ ಮುಂದೆ ಏನನ್ನೂ ಕಳೆಯಬೇಡಿ.

ಮರುವರ್ಷದ ಕೊಯ್ಲಿನ ಹೊತ್ತಿಗೆ ಮಾಸ್ತರರಿಗೆ ಲಕ್ವಾ ಹೊಡೆಯಿತು. ಎಡಗಡೆ. ಮಾತು ಉಳಿಯಿತು, ಕೈ ಮುಷ್ಟಿ ಕಟ್ಟಿಕೊಂಡು ಕೂತಿತು. ದಿನಾ ಬೆರಳು ಬಿಡಿಸಿ ರೂಢಿ ಮಾಡಿಸಿದರೆ ಕೈ ಮತ್ತೆ ಕಲಿತರೂ ಕಲಿತೀತು ಎಂದು ಡಾಕ್ಟರ್ ಹೇಳಿದ್ದರು. ಸಂಜೆ ಸಂಜೆ ನಾನು ಅವರ ಮನೆಗೆ ಹೋಗಿ, ಒಂದೊಂದೇ ಬೆರಳು ಬಿಡಿಸಿ ತಂತಿಯ ಮೇಲೆ ಇಡುತ್ತಿದ್ದೆ. ಬಿಟ್ಟ ಕೂಡಲೇ ಮುಷ್ಟಿ ಮುಚ್ಚಿಕೊಳ್ಳುತ್ತಿತ್ತು.

"ದ್ರಾಕ್ಷಿ ಇಡು," ಎಂದರು ಒಂದು ದಿನ.

ಇಟ್ಟೆ. ರಸ ಹಾಸಿಗೆಗೆ ಸುರಿಯಿತು. ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ಸೆರಗಿನಿಂದ ಒರೆಸಿದರು.

"ನನ್ನ ಕೈ ನಿನ್ನ ಕೈಯಂಗ ಆತಲ್ಲಲೇ," ಮಾಸ್ತರ್ ಅರ್ಧ ಮುಖದಲ್ಲಿ ನಕ್ಕರು. "ನಿಧಾನ್ರಿ, ಸರ್" ಎನ್ನುತ್ತ ಅವರ ಬೆರಳನ್ನು ಮತ್ತೆ ಒಂದೊಂದಾಗಿ ಬಿಡಿಸಿದೆ.

ದಿನಾ ಇಟ್ಟೆ, ದಿನಾ ಒಡೆಯಿತು. ಕೊನೆಗೆ ತೋಟದಲ್ಲಿ ತಡವಾಗಿ ಕಾಯಿ ಕಟ್ಟಿದ ಪ್ಲಾಟಿನಿಂದ ಗೋಲಿಯಂಥ ಹಸಿ ಕಾಯಿ ಆರಿಸಿ ಒಯ್ದೆ. ಒಡೆಯಲಿಲ್ಲ.

"ಸರ್, ಒಡೀಲಿಲ್ರಿ! ಕಾಕು, ನೋಡ್ರಿಲ್ಲೆ!"

ಕಾಕುವಿನ ಕಣ್ಣು ತುಂಬಿದವು. ಮಾಸ್ತರ್ ಬಲಗೈಯಿಂದ ಕಾಯಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಕಾಕು ನೀರು ತರಲು ಒಳಗೆ ಹೋದ ಮೇಲೆ ಮೆಲ್ಲಗೆ ಅಂದರು: "ಒಣದ್ರಾಕ್ಷಿ ಬುದ್ಧಿ ಬಿಡ್ಲಿಲ್ಲ ನೀ. ಇರ್ಲಿ, ಆಕೀಗಿ ಹೇಳಬ್ಯಾಡ."

ಆ ಪ್ಲಾಟಿನ ಕಾಯಿ ಹಣ್ಣಾಗುವ ಮೊದಲೇ ಮಾಸ್ತರ್ ಹೋದರು.

ನಾನೂ ಚಟ್ಟಕ್ಕೆ ಹೆಗಲು ಕೊಟ್ಟೆ. ಓಣಿಯ ತಿರುವಿನಲ್ಲಿ ಮೋಟಾರ್ ಅಂಗಡಿಯವನು ಹಿಂದಿನಿಂದ ಕೂಗಿದ: "ಬಿದಿರು ಗಟ್ಟಿ ಹಿಡಿಯೋ ತಮ್ಮಾ, ಜಾರ್ತೈತಿ!"

ಹಿಡಿಯಲು ನೋಡಿದೆ. ಎಡಗೈಯ ಹೆಬ್ಬೆರಳು ಬಿದಿರಿಗೆ ಸುಮ್ಮನೆ ತಾಗಿ ನಿಂತಿತ್ತು, ಅಂಗೈಯಲ್ಲಿ ಒಂದು ದ್ರಾಕ್ಷಿಯಷ್ಟು ಜಾಗ ಬಿಟ್ಟು. ಎಷ್ಟು ಹೇಳಿದರೂ ಕೈ ಕೇಳಲಿಲ್ಲ.