ಕೋಲಾರಕ್ಕೆ ಸಮುದ್ರ ತಂದ ಟೈಲರು

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಟೈಲರ್ ಕೋದಂಡರಾಮಪ್ಪನವರ ಅಂಗಡಿ ಇತ್ತು. ಅವರು ಹೊಲಿದ ರವಿಕೆಗಳಿಗೆ ಹುಕ್ಕು ಹಾಕಿಕೊಡುವ ಕೆಲಸ ನನ್ನದು. ಶನಿವಾರ ಆಂಜನೇಯಸ್ವಾಮಿಯ ದರ್ಶನ ಮುಗಿಸಿಕೊಂಡು ಅಂಗಡಿಗೆ ಹೋಗಿ, ಒಂದು ಗಂಟು ಕೊಟ್ಟು ಇನ್ನೊಂದು ಗಂಟು ತರುತ್ತಿದ್ದೆ. ಹೋದಾಗಲೆಲ್ಲ ಒಂದು ಜಗಳ ಕೇಳುವ ಭಾಗ್ಯವೂ ಸಿಗುತ್ತಿತ್ತು.

ಏಕೆಂದರೆ ಕೋದಂಡರಾಮಪ್ಪನವರ ಅಳತೆ ತಪ್ಪುತ್ತಿರಲಿಲ್ಲ. ರವಿಕೆ ಬಿಗಿಯಾದರೆ ತೊಟ್ಟವಳು ದಪ್ಪಗಾಗಿದ್ದಾಳೆ, ಸಡಿಲವಾದರೆ ಸೊರಗಿದ್ದಾಳೆ. ಒಮ್ಮೆ ಒಂದು ಮಗುವಿನ ಅಂಗಿಯ ಎಡತೋಳು ಉದ್ದವಾಗಿತ್ತು. "ಮಗೂನ ಒಂದೇ ಮಗ್ಗುಲಿಗೆ ಮಲಗಿಸ್ತೀರೇನೋ ನೋಡಿ" ಎಂದು ಗಂಭೀರವಾಗಿ ಹೇಳಿದರು. ಚನ್ನರಾಯಪ್ಪ ಮೇಷ್ಟ್ರ ಹೊಸ ಪ್ಯಾಂಟು ಸೊಂಟಕ್ಕೆ ಏರದೆ ಹೋದಾಗ ಇವರು ಹೇಳಿದ್ದು, "ಸಂಬಳ ಜಾಸ್ತಿ ಆಗಿರ್ಬೇಕು ಮೇಷ್ಟ್ರೇ." ಆ ಮೇಷ್ಟ್ರು ಎರಡು ವರ್ಷ ಅಂಗಡಿಯ ಮುಂದೆ ಬಂದರೆ ಆಕಾಶ ನೋಡಿಕೊಂಡು ಹೋಗುತ್ತಿದ್ದರು.

ಇಂಥ ಮನುಷ್ಯನ ಕೈಗೆ ಕರ್ನಾಟಕ ಸಿಕ್ಕಿತು.

ಅದು ಎಪ್ಪತ್ತೆಂಟನೇ ಇಸವಿಯ ದಸರೆಯ ಸಮಯ. ಆವನಿ ಕಡೆಯ ಅಶ್ವತ್ಥಮ್ಮ ಮಗಳು ಶ್ಯಾಮಲಳಿಗೆ ಲಂಗ ಹೊಲಿಸಲು ಬಂದಿದ್ದಳು. ಅಶ್ವತ್ಥಮ್ಮನದು ಹಿಪ್ಪುನೇರಳೆ ಬೆಳೆಯುವ ಮನೆ. ಶ್ಯಾಮಲಳಿಗೆ ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋಗಿದ್ದವು. ಊರಿನ ಶಾಲೆಯಲ್ಲಿ ಕೂತು ಕೇಳಿಕೇಳಿಯೇ ಆರನೇ ಕ್ಲಾಸಿನವರೆಗೆ ಬಂದಿದ್ದಳು. ಆ ಶಾಲೆಯ ಮೇಷ್ಟ್ರು ಬೇರೆ ಯಾರೂ ಅಲ್ಲ, ಆಕಾಶ ನೋಡುವ ಚನ್ನರಾಯಪ್ಪನವರೇ.

ಹುಡುಗಿ ಮೇಜಿನ ಮೇಲೆ ಕೈಯಾಡಿಸುತ್ತಿದ್ದವಳು ತಟ್ಟನೆ ನಿಂತಳು. ಕೈಗೆ ಸಿಕ್ಕಿದ್ದು ಲಂಗ ಕತ್ತರಿಸುವ ಕಾಗದದ ನಮೂನೆ. ಟೈಲರುಗಳು ಹಲ್ಲಿನ ಪುಟ್ಟ ಗಾಲಿಯೊಂದನ್ನು ಗೆರೆಯ ಮೇಲೆ ಉರುಳಿಸಿ ಗುರುತು ಮಾಡುತ್ತಾರಲ್ಲ, ಹಾಗೆ ಮಾಡಿದಾಗ ಕಾಗದದ ಇನ್ನೊಂದು ಮೈಯಲ್ಲಿ ಚುಕ್ಕಿಗಳು ಸಾಲಾಗಿ ಉಬ್ಬಿ ನಿಲ್ಲುತ್ತವೆ.

"ಮಾಮ, ಈ ಗೆರೆ ಕೈಗೆ ಸಿಗ್ತದೆ!" ಎಂದಳು. "ಹಿಂಗೇ ಕರ್ನಾಟಕ ಮಾಡ್ಕೊಡ್ತೀಯಾ? ಮೇಷ್ಟ್ರು ಗೋಡೆಗೆ ತಗಲಾಕಿ ಕೋಲಲ್ಲಿ ತೋರಿಸ್ತಾರೆ. ನಂಗೆ ಕೋಲಿನ ಸದ್ದು ಮಾತ್ರ ಕೇಳಿಸ್ತದೆ."

ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರು ಆಗಲೇ ಹೇಳಿಬಿಟ್ಟಿದ್ದರಂತೆ. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ, ಭೂಪಟವೇ ಗೊತ್ತಿಲ್ಲದ ಹುಡುಗಿಯನ್ನು ಹೇಗೆ ಕೂರಿಸುವುದು? ಮಾರ್ಚಿನಲ್ಲಿ ಬಾಯಲ್ಲೇ ಭೂಗೋಳ ಕೇಳುತ್ತೇನೆ, ಬಂದರೆ ಸರಿ, ಬಾರದಿದ್ದರೆ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿರಲಿ.

"ಸೊಪ್ಪಾ? ರಾ ಅಮ್ಮಾ, ಕೂತ್ಕೋ" ಎಂದರು ಕೋದಂಡರಾಮಪ್ಪ. "ಇಡೀ ಮುಳಬಾಗಿಲಿಗೆ ಅಳತೆ ತೆಗೆದವನು ನಾನು. ಕರ್ನಾಟಕ ಏನು ಮಹಾ?"

ಸಿಮೆಂಟ್ ಚೀಲದ ದಪ್ಪ ಕಾಗದ ತಂದರು. ಪುಸ್ತಕ ನೋಡಿಕೊಂಡು ಪೆನ್ಸಿಲಿನಲ್ಲಿ ನಕ್ಷೆ, ಊರಿನ ಹೆಸರು ಎಲ್ಲ ಬರೆದು, ಗಾಲಿ ಉರುಳಿಸಿ, ಕಾಗದ ತಿರುಗಿಸಿದರು. ಉಬ್ಬಿದ ಮೈಯ ಮೇಲೆ ನದಿಗಳಿಗೆ ದಾರ ಹೊಲಿದರು. ಬೆಂಗಳೂರಿಗೆ ಕೋಟಿನ ಗುಂಡಿ, ಮೈಸೂರಿಗೆ ಅಂಗಿಯ ಗುಂಡಿ, ಮಂಗಳೂರಿಗೆ ಕಪ್ಪೆಚಿಪ್ಪಿನ ಗುಂಡಿ, ಕೋಲಾರಕ್ಕೆ ಹಿತ್ತಾಳೆ ಹುಕ್ಕು. ಬಳ್ಳಾರಿ, ಬೆಳಗಾವಿ, ಬಿಜಾಪುರಕ್ಕೂ ಒಂದೊಂದು ಬಗೆಯದು ಸಿಕ್ಕಿತು. ಆ ವಾರ ನಾನು ಹುಕ್ಕು ಹಾಕಬೇಕಿದ್ದ ರವಿಕೆಗಳು ಹುಕ್ಕಿಲ್ಲದೆ ಕಾಯುತ್ತ ಕುಳಿತವು.

ಹುಡುಗಿ ಆ ಕಾಗದವನ್ನು ಬಿಡಲಿಲ್ಲ. ಹಾಸಿಗೆಯಲ್ಲೂ ಜೊತೆಗೇ ಮಲಗಿಸಿಕೊಳ್ಳುತ್ತಾಳೆ ಎಂದು ಅಶ್ವತ್ಥಮ್ಮ ಹೇಳುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಶ್ಯಾಮಲ ಒಂದು ಪ್ರಶ್ನೆ ಹೊತ್ತು ಬಂದಳು.

"ಮಾಮ, ಪಶ್ಚಿಮಕ್ಕೆ ಸಮುದ್ರ ಅಂತಾರೆ ಮೇಷ್ಟ್ರು. ನಕ್ಷೇಲಿ ಎಡಗೈ ಕಡೆಗೆ ಪಶ್ಚಿಮ. ಆ ಕಡೆ ಕೊನೇಲಿ ಇರೋದು ನಮ್ಮ ಕೋಲಾರ. ಹಂಗಾದ್ರೆ ನಮ್ಮೂರ ಹತ್ರಾನೇ ಸಮುದ್ರ ಇದೆಯಾ?"

ಗಡಿಯಾಚೆಯ ಮದನಪಲ್ಲಿಯನ್ನು ಎಂದೂ ದಾಟಿರದ ಕೋದಂಡರಾಮಪ್ಪನವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು, "ನಕ್ಷೇಲಿ ಇದ್ರೆ ಇರ್ತದೆ ಕಣಮ್ಮ. ನನ್ನ ಅಳತೆ ತಪ್ಪಲ್ಲ." ನಾನೂ ಅಲ್ಲೇ ಕೂತು ಕೇಳಿಸಿಕೊಂಡೆ. ಸಮುದ್ರ ಎಲ್ಲಿದೆಯೆಂದು ನನಗೂ ಖಚಿತವಿರಲಿಲ್ಲ.

ಮಾರ್ಚಿನ ಒಂದು ಶನಿವಾರ ಅಶ್ವತ್ಥಮ್ಮ ಮಗಳ ಕೈ ಹಿಡಿದೆಳೆದುಕೊಂಡು ಅಂಗಡಿಗೆ ನುಗ್ಗಿದಳು.

"ಏನಣ್ಣಾ, ನಿಂಗೆ ದೇವರು ಒಳ್ಳೇದು ಮಾಡ್ತಾನಾ? ನಿನ್ನೆ ಮೇಷ್ಟ್ರು ಭೂಗೋಳ ಕೇಳಿದ್ರೆ, ಕೋಲಾರ ಕಡಲ ದಂಡೇಲಿದೆ ಅಂದ್ಳಂತೆ ನನ್ನ ಮಗಳು! ಇಡೀ ಕ್ಲಾಸು ನಕ್ಕಿದೆ. ದಾರೀಲಿ ಕಂಡೋರೆಲ್ಲ, ಅಶ್ವತ್ಥಮ್ಮಾ, ಮೀನು ಸಿಕ್ತಾ ಅಂತಾರೆ. ಇನ್ಮೇಲೆ ಬರಬೇಡ ಅಂದ್ರಂತೆ ಮೇಷ್ಟ್ರು."

ಶ್ಯಾಮಲ ಅಳುತ್ತಿರಲಿಲ್ಲ. ನಕ್ಷೆಯನ್ನು ಎದೆಗೆ ಒತ್ತಿಕೊಂಡಿದ್ದಳು. "ನಾನು ಸರಿಯಾಗೇ ಮುಟ್ಟಿದ್ದೆ ಮಾಮ" ಎಂದಳು.

"ಮುಟ್ಟಿದ್ದೂ ಸರಿ, ಅಳತೇನೂ ಸರಿ. ಆ ಮೇಷ್ಟ್ರಿಗೆ ಪ್ಯಾಂಟಿನ ಸಿಟ್ಟು" ಎಂದು ಕೋದಂಡರಾಮಪ್ಪ ನಕ್ಷೆಯ ಹಿಂಬದಿಯನ್ನು ತೋರಿಸಿದರು. "ನೋಡಿ, ಪುಸ್ತಕದಲ್ಲಿರೋ ಹಂಗೇ ಇದೆ." ಇತ್ತು, ಪೆನ್ಸಿಲ್ ಗೆರೆ ಪುಸ್ತಕದ ಹಾಗೆಯೇ ಇತ್ತು. ಆಮೇಲೆ ಕಾಗದ ತಿರುಗಿಸಿ, ಹುಡುಗಿ ಮುಟ್ಟುವ ಉಬ್ಬಿದ ಮೈಯನ್ನು ನೋಡಿದರು. ಮತ್ತೆ ತಿರುಗಿಸಿದರು. ಎಡಕ್ಕಿದ್ದದ್ದೆಲ್ಲ ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ. ಬಟ್ಟೆಯ ಒಳಮೈ ಹೊರಮೈ ಅದಲುಬದಲು ಮಾಡುವ ಕೆಲಸಗಾರರನ್ನು ಇವರು ಬೈಯುತ್ತಿದ್ದ ಬೈಗುಳ ನಾನು ಬರೆಯುವಂಥದ್ದಲ್ಲ. ಈಗ ಯಾರನ್ನು ಬೈಯುವುದು?

ಸೂಜಿ ಬಾಯಲ್ಲಿ ಇದ್ದಂತೆಯೇ ಅಂಗಡಿಯ ಬಾಗಿಲು ಎಳೆದರು. "ನಡೀರಿ, ಬಸ್ಸು ಹೊರಡ್ತದೆ."

"ಅಕ್ಕಾ, ನೀನೂ ಬಾ. ಮೇಷ್ಟ್ರ ಮುಂದೆ ನಂಗೆ ಮಾತೇ ಹೊರಡಲ್ಲ" ಎಂದು ಅಶ್ವತ್ಥಮ್ಮ ನನ್ನನ್ನೂ ಎಳೆದಳು. ನಮ್ಮ ಮುಂದೆ ಅವಳಿಗೆ ಹೊರಟಷ್ಟು ಮಾತು ಕೇಳಿದ್ದ ನನಗೆ ನಗು ಬಂತು. ಆದರೂ ಹೋದೆ.

ಶಾಲೆ ಬಿಡುವ ಹೊತ್ತು. ಕೋದಂಡರಾಮಪ್ಪ ಬಾಗಿಲಲ್ಲೇ ನಿಂತರು.

"ಮೇಷ್ಟ್ರೇ, ಹುಡುಗೀದು ತಪ್ಪಿಲ್ಲ. ನಕ್ಷೆ ತಿರುಗುಮುರುಗಾಗಿದೆ. ತಪ್ಪು ನಂದು."

ಮೇಷ್ಟ್ರು ಬೋರ್ಡು ಒರೆಸುವುದನ್ನು ನಿಲ್ಲಿಸಿದರು. "ಏನಂದ್ರಿ?"

"ತಪ್ಪು ನಂದು ಅಂದೆ."

"ಹಿಂದಿನ ಬೆಂಚಿನೋರಿಗೆ ಕೇಳಿಸ್ಲಿಲ್ಲ."

"ತಪ್ಪು ನಂದೂ!" ಎಂದು ಕೂಗಿದರು ಕೋದಂಡರಾಮಪ್ಪ.

"ಹಂಗಾದ್ರೆ ನನ್ನ ಪ್ಯಾಂಟು?"

"ಅದು ಬೇರೆ ಮೇಷ್ಟ್ರೇ. ಅದು ನಿಮ್ಮ ಸೊಂಟದ ವಿಚಾರ."

ಮಕ್ಕಳು ಗೊಳ್ಳೆಂದು ನಕ್ಕರು, ಮೇಷ್ಟ್ರೂ ನಗು ತಡೆಯಲಾರದೆ ಹೋದರು. ಕೋದಂಡರಾಮಪ್ಪ ಮಾತ್ರ ನಗದೆ, ನಕ್ಷೆಯನ್ನು ಎರಡೂ ಕೈಯಲ್ಲಿ ಪರದೆಯಂತೆ ಎತ್ತಿ ಹಿಡಿದರು. "ಹುಡುಗಿ ಆ ಕಡೆ ಮುಟ್ಲಿ. ನೀವು ಈ ಕಡೆ ನಿಂತು ಪೆನ್ಸಿಲಲ್ಲಿ ಬರ್ದಿರೋದು ನೋಡಿ. ಏನು ಬೇಕಾದ್ರೂ ಕೇಳಿ."

ಮೇಷ್ಟ್ರು ಕನ್ನಡಕ ಏರಿಸಿದರು. "ಬಳ್ಳಾರಿ."

ಆ ಕಡೆಯಿಂದ ಶ್ಯಾಮಲಳ ಬೆರಳು ಗುಂಡಿಯನ್ನು ಒತ್ತಿತು. ಈ ಕಡೆ, ಬಳ್ಳಾರಿ ಎಂದು ಬರೆದಿದ್ದಲ್ಲೇ ದಾರದ ಗಂಟು ಅಲುಗಿತು.

"ಬೆಳಗಾವಿ." ಬೆಳಗಾವಿಯ ಗಂಟು ಅಲುಗಿತು. "ಮಂಗಳೂರು." ಅದೂ ಅಲುಗಿತು. "ತುಂಗಭದ್ರೆ ಹರಿಯೋದು ಹೇಗೆ?" ಹಿಂದಿನಿಂದ ಬೆರಳು ಒತ್ತಿದ ಒಂದು ಸಣ್ಣ ಉಬ್ಬು ಕಾಗದದಲ್ಲಿ ನದಿಯ ಗುಂಟ ಮೆಲ್ಲಗೆ ನಡೆದು ಹೋಯಿತು. ಎಲ್ಲೂ ದಾರಿ ತಪ್ಪಲಿಲ್ಲ. ಮೇಷ್ಟ್ರ ದನಿ ಬರಬರುತ್ತ ತಗ್ಗಿತು. ಕೊನೆಗೆ ಅವರು ಊರಿನ ಹೆಸರು ಹೇಳುವುದನ್ನೇ ಬಿಟ್ಟು ಕನ್ನಡಕ ಇಳಿಸಿದರು. ನಾನು ಮನಸ್ಸಿನಲ್ಲೇ ಸ್ವಾಮಿಗೆ ಕೈ ಮುಗಿದೆ.

"ಇವಳು ಹೇಳಿದ್ದೆಲ್ಲ ತಪ್ಪು, ಕಲಿತಿದ್ದೆಲ್ಲ ಸರಿ" ಎಂದರು ಮೇಷ್ಟ್ರು. "ನಕ್ಷೆ ನೋಡೋ ಮಕ್ಕಳಿಗೇ ಇಷ್ಟು ಬರಲ್ಲ. ಏಳನೇ ಕ್ಲಾಸಿಗೆ ಬಾರಮ್ಮ."

ಅಶ್ವತ್ಥಮ್ಮ ನೆಲದ ಮೇಲೇ ಕೂತುಬಿಟ್ಟಳು. ಶ್ಯಾಮಲ ಮಾತ್ರ ಕಾಗದದ ಹಿಂದಿನಿಂದ ಕೇಳಿದಳು, "ಹಂಗಾದ್ರೆ ನಮ್ಮ ಹತ್ರ ಸಮುದ್ರ ಇಲ್ವಾ ಸಾರ್?"

"ಇಲ್ಲಮ್ಮ. ನಮ್ಮ ಪಾಲಿಗೆ ಕೆರೆ ಇದೆ, ಅದೂ ಮಳೆ ಬಂದ್ರೆ."

ಹೊಸ ನಕ್ಷೆ ಮಾಡಿಕೊಡುವುದಾಗಿ ಒಪ್ಪಿ ಕೋದಂಡರಾಮಪ್ಪ ಹೊರಟರು. ಮೇಷ್ಟ್ರು ವಿಜ್ಞಾನದ ಪುಸ್ತಕವನ್ನೂ ಅವರ ಕೈಗೆ ತುರುಕಿದರು. ಏಳನೆಯದಕ್ಕೆ ಅದರ ಚಿತ್ರಗಳೂ ಬೇಕಂತೆ. ಬಸ್ಸಿಗೆ ಕಾಯುತ್ತ ಕೋದಂಡರಾಮಪ್ಪ ಹಾಳೆ ತಿರುವಿದರು, ಒಂದು ಚಿತ್ರಕ್ಕೆ ಬಂದು ನಿಂತರು, ನಮ್ಮನ್ನು ಬಿಟ್ಟು ಶಾಲೆಯ ಕಡೆಗೆ ಓಡಿದರು.

"ಮೇಷ್ಟ್ರೇ! ಹೃದಯ ಎಡಕ್ಕೋ ಬಲಕ್ಕೋ ಈಗಲೇ ಹೇಳಿಬಿಡಿ!"