ಅಂಕಲ್ ತುಂಬಿಸಿದ ಕೊನೆಯ ಹಡಗು

ಕಳೆದ ವರ್ಷ ಮಾರ್ಚ್ ತಿಂಗಳ ಕೊನೆಯ ಶುಕ್ರವಾರ ನಮ್ಮ ಎದುರು ಮನೆಯ ಅಂಕಲ್ ಕೆಲಸದಿಂದ ನಿವೃತ್ತರಾದರು. ಅಂದು ಸಂಜೆ ಸಿಂಗಪುರದ ಪಾಸಿರ್ ಪಂಜಾಂಗ್ ಬಂದರಿನಿಂದ ಬಂದು ಆಂಗ್ ಮೋ ಕಿಯೋದ ನಮ್ಮ ಬ್ಲಾಕ್ ಮುಂದೆ ಬಸ್ ಇಳಿದಾಗ ಅವರ ಕೈಯಲ್ಲಿ ಹೂವಿನ ಗುಚ್ಛವಿತ್ತು. ಲಿಫ್ಟ್‌ನ ಗುಂಡಿ ಒತ್ತುವ ಮೊದಲು, ಕೋಳಿ ಕಾಳನ್ನು ನೋಡುವ ಹಾಗೆ, ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ ಬಲಗಣ್ಣಿನಿಂದ ಅದನ್ನು ಹುಡುಕಿದರು. ಅವರು ಹಾಗೆ ಮಾಡುವುದನ್ನು ನಾನು ಕೆಲವು ತಿಂಗಳಿಂದ ನೋಡುತ್ತಿದ್ದೆ. ಕುತ್ತಿಗೆ ನೋವಿರಬೇಕು ಎಂದುಕೊಂಡಿದ್ದೆ.

ಲಿಫ್ಟ್‌ನೊಳಗೆ ಅವರು ಎಲ್ಲರನ್ನೂ ಇಳಿಯುವ ಮಹಡಿಯ ಪ್ರಕಾರ ನಿಲ್ಲಿಸುತ್ತಿದ್ದರು. ಮೊದಲು ಇಳಿಯುವವರು ಬಾಗಿಲ ಬಳಿ, ಕೊನೆಗೆ ಇಳಿಯುವವರು ಗೋಡೆಗೆ ಒತ್ತಿಕೊಂಡು. ಮೂರನೇ ಮಹಡಿಯ ಚೀನೀ ಅಜ್ಜಿ ತರಕಾರಿ ಗಾಡಿ ಎಳೆದುಕೊಂಡು ಒಳಗೆ ಬಂದವರೇ ಏನೂ ಕೇಳದೆ ಬಾಗಿಲ ಪಕ್ಕ ನಿಲ್ಲುತ್ತಿದ್ದರು. ಮನೆಯ ಫ್ರಿಜ್ಜಿನಲ್ಲೂ ಇದೇ ಕ್ರಮ. ನಾಳೆಯ ಸಾರು ಇಂದಿನ ಮೊಸರಿನ ಮುಂದೆ ಬರುವಂತಿರಲಿಲ್ಲ. ಆಂಟಿ ಒಮ್ಮೆ ನನ್ನ ಹೆಂಡತಿಯ ಮುಂದೆ ಹೇಳಿದ್ದರು: "ನಮ್ಮನೇಲಿ ಮೊಸರು ಬೇಕು ಅಂದ್ರೆ ಪೋರ್ಟ್ ಪರ್ಮಿಷನ್ ತಗೋಬೇಕು."

ಅದು ಅವರ ಕೆಲಸದಿಂದ ಬಂದ ಅಭ್ಯಾಸ. ದೊಡ್ಡ ಹಡಗುಗಳಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಆಫೀಸಿನಲ್ಲಿ ಅವರಿದ್ದರು. ಮೊದಲ ಬಂದರಿನಲ್ಲಿ ಇಳಿಯಬೇಕಾದ ಪೆಟ್ಟಿಗೆಯ ಮೇಲೆ ಮುಂದಿನ ಬಂದರಿನದು ಕೂರಬಾರದು. ಕೂತರೆ ಅಲ್ಲಿನವರು ಮೇಲಿನದನ್ನು ತೆಗೆದು ದಂಡೆಯ ಮೇಲಿಟ್ಟು, ಕೆಳಗಿನದನ್ನು ಇಳಿಸಿಕೊಂಡು, ಮೇಲಿನದನ್ನು ಮತ್ತೆ ಹಡಗಿಗೆ ಏರಿಸಬೇಕು. ಅನಾಹುತವೇನಲ್ಲ, ಬಂದರುಗಳಲ್ಲಿ ದಿನವೂ ನಡೆಯುವಂಥದ್ದು. ಅಂಕಲ್‌ಗೆ ಮಾತ್ರ ಅದು ಊಟಕ್ಕೆ ಕರೆದವರನ್ನು ಎಲೆ ಹಾಕದೆ ಕೂರಿಸಿದ ಹಾಗೆ. ಅವರ ಸ್ಕ್ರೀನಿನ ಮೇಲೆ ಒಂದೊಂದು ಬಂದರಿಗೆ ಒಂದೊಂದು ಬಣ್ಣ. ಜರ್ಮನಿಯ ಹ್ಯಾಂಬರ್ಗ್ ಎಳೆ ಹಸಿರು. ಮಲ್ಪೆಯ ಕಡೆಯಿಂದ ಬಂದು ಸಿಂಗಪುರದಲ್ಲೇ ತಲೆ ನರೆಸಿಕೊಂಡ ಅವರು, ವಾರಕ್ಕೊಮ್ಮೆಯಾದರೂ ಆ ಎಳೆ ಹಸಿರನ್ನು ತುಂಬಿ ಕಳಿಸುತ್ತಿದ್ದರು. ಹ್ಯಾಂಬರ್ಗ್ ಊರನ್ನು ಮಾತ್ರ ಕಂಡಿರಲಿಲ್ಲ.

ಅವರ ಬಾಯಲ್ಲಿ ಸದಾ ಇದ್ದ ಮಾತು "ಕಟ್‌ಆಫ್ ಅಂದ್ರೆ ಕಟ್‌ಆಫ್". ಹಡಗಿಗೆ ಸರಕು ತಲುಪಿಸಲು ಒಂದು ಗಡುವಿರುತ್ತದೆ. ಅದು ಮುಗಿದ ಮೇಲೆ ಬಂದದ್ದು ಮುಂದಿನ ಹಡಗಿಗೆ. ಒಮ್ಮೆ ಉಡುಪಿ ಕಡೆಯ ಅವರ ಸ್ನೇಹಿತರೊಬ್ಬರ ಕಾಳುಮೆಣಸಿನ ಲಾರಿ ಮಲೇಷ್ಯಾದ ಜೊಹೊರ್‌ನಿಂದ ಬರುವಾಗ ವುಡ್‌ಲ್ಯಾಂಡ್ಸ್ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡಿತು. ಅಂಕಲ್ ಮಗಳ ಮದುವೆಯಲ್ಲಿ ಓಡಾಡಿ ಬಡಿಸಿದ್ದ ಸ್ನೇಹಿತ ಅವರು. ಫೋನ್ ಮಾಡಿ ಬೇಡಿಕೊಂಡರು. ಅಂಕಲ್ ಒಪ್ಪಲಿಲ್ಲ. ಆ ಭಾನುವಾರ ತಾವೇ ಬಂಗುಡೆ ಮೀನಿನ ಗಸಿ ಹೊತ್ತುಕೊಂಡು ಅವರ ಮನೆಗೆ ಹೋಗಿ, ಬೈಸಿಕೊಂಡು, ಜೊತೆಗೆ ಕೂತು ಉಂಡು ಬಂದರು.

ನಾನು ಕೆಲಸ ಮಾಡುವುದು ಸುದ್ದಿಮನೆಯಲ್ಲಿ. ಗಡುವಿನ ವಿಷಯದಲ್ಲಿ ನಮ್ಮಿಬ್ಬರಿಗೂ ಮಾತು ಹೊಂದುತ್ತಿತ್ತು. ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು, ಆ ದಿನ ನಾನು ಏನು ಬರೆದೆ ಎಂದು ಕೇಳುತ್ತಿದ್ದರು. ಹೇಳಿದರೆ, "ಅದನ್ನ ನೀನು ನೋಡಿದ್ಯಾ, ಇಲ್ಲಾ ಅವ್ರು ಹೇಳಿದ್ದಾ?" ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ನನ್ನ ಸಂಪಾದಕರೂ ಅಷ್ಟು ಸಲ ಕೇಳಿಲ್ಲ.

ನಿವೃತ್ತಿಯ ಮರುವಾರ ಅವರು ನನ್ನನ್ನು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ಗೆ ಕರೆದುಕೊಂಡು ಹೋಗಿ ಕೋಪಿ ಎಂಬ ಇಲ್ಲಿನ ಕಾಫಿ ಕುಡಿಸಿ ಕೆಲಸ ಬಿಟ್ಟ ಕಾರಣ ಹೇಳಿದರು. ಗ್ಲಾಕೋಮಾ. ಎಡಗಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತಾ ಬಂದಿತ್ತು, ಬಲಗಣ್ಣಿಗೂ ಶುರುವಾಗಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ವೈದ್ಯರು ಮೇ ತಿಂಗಳ ಕೊನೆಯ ವಾರದಲ್ಲಿ ದಿನ ಕೊಟ್ಟಿದ್ದರು. ತಮ್ಮ ಕೊನೆಯ ಹಡಗು ಹೊರಟ ಮೇಲೆ ಸ್ಕ್ರೀನಿನ ಎಡ ಮೂಲೆ ತಮಗೆ ಕಾಣುತ್ತಲೇ ಇಲ್ಲ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಅಂದೇ ಬಾಸ್ ಬಳಿ ಹೋಗಿ ತಾವಾಗಿ ಹೇಳಿ, ಕೆಲಸ ಬಿಟ್ಟರು.

"ಆ ಹಡಗು ಹ್ಯಾಂಬರ್ಗ್‌ಗೆ ಹೋಗ್ತಿದೆ. ಪ್ಲಾನ್ ಸರಿ ಇತ್ತೋ ಇಲ್ವೋ ನಂಗೆ ಗೊತ್ತಿಲ್ಲ ಮಾರಾಯ," ಎಂದರು.

ಆಫೀಸಿನವರನ್ನು ಕೇಳಬಹುದಲ್ಲ ಎಂದೆ.

"ಕೇಳಿದ್ರೆ ಎಲ್ಲಾ ಸರಿ ಇತ್ತು ಸರ್ ಅಂತಾರೆ. ರಿಟೈರ್ ಆದವ್ರಿಗೆ ಎಲ್ರೂ ಹೇಳೋದು ಅದೇ."

ಹೀಗೆ, ಪೆಟ್ಟಿಗೆ ಇಳಿಯುವುದನ್ನು ಕಣ್ಣಾರೆ ನೋಡಲು ಹ್ಯಾಂಬರ್ಗ್ ಪ್ರವಾಸ ನಿಶ್ಚಯವಾಯಿತು. ಹಡಗು ಆಫ್ರಿಕಾ ಸುತ್ತಿಕೊಂಡು ಹೋಗುವುದರಿಂದ ಮೇ ಮಧ್ಯದಲ್ಲಿ ತಲುಪುವುದಿತ್ತು. ಆ ಅಂದಾಜಿನ ದಿನಾಂಕ ನೋಡಿಕೊಂಡು ಅಂಕಲ್ ವಿಮಾನದ ಟಿಕೆಟ್ ಬುಕ್ ಮಾಡಿದರು. ಹಡಗಿನ ಅಂದಾಜು ದಿನಾಂಕವನ್ನು ಯಾರೂ ನಂಬಬಾರದು ಎಂದು ವೃತ್ತಿಜೀವನವಿಡೀ ಊರಿಗೆಲ್ಲ ಹೇಳಿದವರು ಅವರೇ. ಆಂಟಿಗೆ ಇದು ಹೊಳೆಯಿತು. ಆದರೆ ಅವರಿಗೂ ಯುರೋಪ್ ನೋಡುವ ಆಸೆಯಿತ್ತು. ಅಂಕಲ್ ಕಣ್ಣು, ಲಗೇಜು ಎರಡನ್ನೂ ಒಬ್ಬರೇ ನಿಭಾಯಿಸುವುದು ಕಷ್ಟವೆಂದು ನನ್ನನ್ನೂ ಬರಲು ಹೇಳಿದರು. ನನಗೆ ರಜೆ ಬಾಕಿಯಿತ್ತು, ಹೋದೆ.

ನಾವು ಇಳಿದ ದಿನ ಹಡಗು ಇನ್ನೂ ಸ್ಪೇನಿನ ಪಕ್ಕದಲ್ಲಿತ್ತು. ಅಂಕಲ್ ಫೋನಿನ ನಕ್ಷೆಯಲ್ಲಿ ಅದನ್ನು ಹುಡುಕಿ ಆಂಟಿಗೆ ತೋರಿಸಿದರು. ಆಂಟಿ ಹೇಳಿದರು: "ಒಳ್ಳೇದಾಯ್ತು. ಈಗ ನನ್ ಜೊತೆ ಊರು ನೋಡಿ."

ನೋಡಿದೆವು. ಕಾಲುವೆಗಳ ನಡುವೆ ಕೆಂಪು ಇಟ್ಟಿಗೆಯ ಗೋದಾಮುಗಳು ಸಾಲಾಗಿ ನಿಂತಿವೆ. ಒಂದು ಕಾಲದಲ್ಲಿ ಕಾಫಿ, ಚಹಾ, ಮೆಣಸು, ಏಲಕ್ಕಿ ಎಲ್ಲ ದೋಣಿಯಲ್ಲಿ ಬಂದು, ರಾಟೆಗಳಲ್ಲಿ ಮೇಲೇರಿ ಇಲ್ಲಿ ಕೂರುತ್ತಿತ್ತು. ಅಂಕಲ್ ಆ ರಾಟೆಗಳ ಕೆಳಗೆ ಕತ್ತು ಹೊರಳಿಸಿಕೊಂಡು ಬಹಳ ಹೊತ್ತು ನಿಂತರು. ಮೇಲಿನ ಮಹಡಿಗೆ ಏರಿದ ಮೂಟೆ ಮೊದಲು ಇಳಿಯುತ್ತಿತ್ತೇ, ಕೆಳಗಿನದೇ ಎಂದು ಮಾರ್ಗದರ್ಶಿಯನ್ನು ವಿಚಾರಿಸಿದರು. ಆ ಹುಡುಗಿಗೆ ಯಾರೂ ಅದನ್ನು ಕೇಳಿರಲಿಲ್ಲ. ಯುದ್ಧದ ಬಾಂಬಿಗೆ ಸಿಕ್ಕಿ ಗೋಪುರ ಮಾತ್ರ ಉಳಿದ ಚರ್ಚಿಗೆ ಹೋದೆವು. ಛಾವಣಿಯಿಲ್ಲ, ಗೋಡೆಗಳೂ ಅಲ್ಲಲ್ಲಿ ಮಾತ್ರ. ಗೋಪುರ ಕಪ್ಪಗೆ ನಿಂತಿದೆ. ಆಂಟಿ ಚಪ್ಪಲಿ ಬಿಡಬೇಕೇ ಎಂದು ಮೆಲ್ಲಗೆ ಕೇಳಿದರು. ಬೇಡವೆಂದರೂ ಬಿಟ್ಟರು. ಹಳೆಯ ಗೋದಾಮಿನ ಹೆಗಲ ಮೇಲೆ ಗಾಜಿನ ಸಂಗೀತ ಸಭಾಂಗಣ ಕಟ್ಟಿದ್ದಾರೆ, ಅದರ ಜಗಲಿಯಿಂದ ಬಂದರು ಕಾಣುತ್ತದೆ. ಅಲ್ಲಿ ಅಂಕಲ್ ಕ್ರೇನುಗಳನ್ನು ನೋಡುತ್ತಿದ್ದರೆ ಆಂಟಿ ಕ್ರೇನಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡರು.

ಭಾನುವಾರ ಬೆಳಗ್ಗೆ ಮೀನಿನ ಸಂತೆಗೆ ಹೋದೆವು. ಬಾಳೆಹಣ್ಣು, ಹೂವಿನ ಕುಂಡ, ಮೀನು ಎಲ್ಲವನ್ನೂ ಕೂಗಿ ಮಾರುತ್ತಿದ್ದರು. ಉಪ್ಪಿನಲ್ಲಿ ಹದಗೊಳಿಸಿದ ಹೆರಿಂಗ್ ಮೀನನ್ನು, ಈರುಳ್ಳಿಯೊಂದಿಗೆ ಬನ್ನಿನ ನಡುವೆ ಇಟ್ಟು ಕೊಟ್ಟರು. ಅಂಕಲ್ ಒಂದು ಸಲ ಕಚ್ಚಿ ತಿಂದು, ನಮ್ಮ ಕಡಲಿನ ಬೂತಾಯಿ ಮೀನಿನ ದೊಡ್ಡಪ್ಪನ ಮಗ ಇದು ಎಂದು ತೀರ್ಪು ಕೊಟ್ಟರು. ಆಂಟಿ ಬನ್ನು ತೆರೆದು ನೋಡಿದರು.

"ಬೇಯಿಸ್ಲೇ ಇಲ್ವಲ್ರೀ."

"ಉಪ್ಪಲ್ಲೇ ಬೆಂದಿದೆ. ತಿನ್ನು."

"ಚೂರು ಮೆಣಸಿನ್ ಪುಡಿ ಹಚ್ಚಿ ಕಾವಲಿ ಮೇಲೆ ಹಾಕಿದ್ರೆ ಇವ್ರ ಗಂಟೇನು ಹೋಗ್ತಿತ್ತು?" ಎಂದು ಆಂಟಿ ಈರುಳ್ಳಿ, ಬನ್ನು ತಿಂದು ಮೀನನ್ನು ಗಂಡನ ಕೈಗಿಟ್ಟರು. ಅಂಕಲ್ ಎರಡನ್ನೂ ಮುಗಿಸಿದರು.

ಹಡಗು ನಿಧಾನವಾಗಿ ಹತ್ತಿರ ಬಂತು. ರೋಟರ್‌ಡ್ಯಾಮಿನಲ್ಲಿ ಗಾಳಿಯ ದೆಸೆಯಿಂದ ಮತ್ತೆ ನಿಂತಿತು. ಅಂಕಲ್, ಆಂಟಿ ಹೊರಡುವ ಹಿಂದಿನ ದಿನ ಅದು ಹ್ಯಾಂಬರ್ಗಿನ ಎಲ್ಬೆ ನದಿಯ ಬಾಯಿಗೆ ಬಂದು ಉಬ್ಬರಕ್ಕೆ ಕಾಯುತ್ತಿತ್ತು. ಇನ್ನೆರಡು ದಿನ ಉಳಿದರೆ ನೋಡಬಹುದಿತ್ತು. ಉಳಿದರೆ ಶಸ್ತ್ರಚಿಕಿತ್ಸೆಯ ದಿನ ತಪ್ಪುತ್ತಿತ್ತು. ನಾನು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದೆ. ಮುಂದಿನ ದಿನ ಸಿಗುವುದು ಆಗಸ್ಟಿನಲ್ಲಿ ಎಂದರು. ಹೋಟೆಲಿನ ತಿಂಡಿ ಮೇಜಿನ ಬಳಿ ಅದನ್ನು ಅಂಕಲ್‌ಗೆ ಹೇಳಿದೆ. ಆಂಟಿ ತಟ್ಟೆ ನೋಡುತ್ತಾ ಕೂತಿದ್ದರು.

ಅಂಕಲ್ ದಾಲ್ಚಿನ್ನಿ ಹಾಕಿದ ಬನ್ನನ್ನು ಪೂರ್ತಿ ತಿಂದರು. ಆಮೇಲೆ ಹೇಳಿದರು: "ಎಷ್ಟು ಜನ ಕೈ ಮುಗಿದು ಕೇಳಿದ್ರು, ಎಲ್ರನ್ನೂ ಬಿಟ್ಟು ಹಡಗು ಕಳ್ಸಿದೀನಿ. ಈಗ ನಂಗೊಬ್ಬನಿಗೆ ಅಂತ ಇನ್ನೊಂದು ರೂಲ್ ಮಾಡ್ಲಾ? ನಡಿ, ಪ್ಯಾಕ್ ಮಾಡು."

ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮರುಕ್ಷಣವೇ, ಜಾಕೆಟ್ಟುಗಳನ್ನು ಮೇಲಿಡಬೇಕೋ ಕೆಳಗಿಡಬೇಕೋ ಎಂದು ಕೇಳಿದರು.

ಅವರಿಬ್ಬರೂ ಹೊರಟರು, ನನ್ನ ರಜೆ ಇನ್ನೂ ಇತ್ತು. ಬರ್ಲಿನ್‌ಗೆ ಹೋಗುವ ಯೋಚನೆ ಬಿಟ್ಟು ಅಲ್ಲೇ ಉಳಿದೆ. ವಿಮಾನ ನಿಲ್ದಾಣದಲ್ಲಿ ಅಂಕಲ್ ತಮ್ಮ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು. ಇಳಿದದ್ದು ಮತ್ತೆ ಹತ್ತಿತೇ ಎಂಬುದೊಂದನ್ನು ನೋಡು, ಉಳಿದದ್ದು ನಿನಗೆ ತಿಳಿಯುವುದಿಲ್ಲ ಎಂದರು.

ಊರಿನ ಪಶ್ಚಿಮಕ್ಕೆ ನದಿಯ ದಂಡೆಯಲ್ಲಿ ಮರಳಿನ ಕಿನಾರೆಯಿದೆ. ಎದುರು ದಡವೇ ಕಂಟೇನರ್ ಬಂದರು. ಜನ ನಾಯಿಗಳೊಂದಿಗೆ ಅಡ್ಡಾಡುತ್ತಾ, ಬಿಯರ್ ಕುಡಿಯುತ್ತಾ ಹಡಗು ನೋಡುತ್ತಾರೆ. ನಾನೂ ಕಾಫಿ ಹಿಡಿದು ಕೂತೆ. ಹಡಗು ಬೆಳಗ್ಗೆ ಕಟ್ಟೆ ಸೇರಿತ್ತು. ಕ್ರೇನುಗಳು ಪೆಟ್ಟಿಗೆ ಇಳಿಸುತ್ತಿದ್ದವು, ಉದ್ದ ಕಾಲಿನ ಗಾಡಿಗಳು ಬಂದು ಒಂದೊಂದನ್ನೇ ಒಯ್ಯುತ್ತಿದ್ದವು. ಮಧ್ಯಾಹ್ನ ಹಿಂಭಾಗದ ಕ್ರೇನು ನದಿಯ ಬದಿಯ ಅಂಚಿನ ಸಾಲಿನಿಂದ ಒಂದು ಕಿತ್ತಳೆ ಪೆಟ್ಟಿಗೆಯನ್ನು ಎತ್ತಿ ದಂಡೆಯ ಮೇಲಿಟ್ಟಿತು. ಅದನ್ನು ಯಾವ ಗಾಡಿಯೂ ಒಯ್ಯಲಿಲ್ಲ. ಅದರ ಕೆಳಗಿದ್ದ ನೀಲಿ ಪೆಟ್ಟಿಗೆ ಇಳಿದು ಹೋಯಿತು. ಕಿತ್ತಳೆ ಪೆಟ್ಟಿಗೆ ಮತ್ತೆ ಮೇಲೇರಿ ನೀಲಿಯದರ ಜಾಗದಲ್ಲಿ ಕೂತಿತು. ಕತ್ತಲಾಗುವವರೆಗೆ ಇದ್ದೆ. ಇಂಥದ್ದು ಇನ್ನೊಂದು ಕಾಣಲಿಲ್ಲ.

ಸಿಂಗಪುರಕ್ಕೆ ಮರಳಿ ಎದುರು ಮನೆಯ ಬಾಗಿಲು ತಟ್ಟಿದಾಗ ಅಂಕಲ್ ಬಲಗಣ್ಣಿಗೆ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡು ಸೋಫಾದಲ್ಲಿ ಕೂತಿದ್ದರು. ಶಸ್ತ್ರಚಿಕಿತ್ಸೆ ಮುಗಿದು ಮೂರನೆಯ ದಿನ. ಒಳಗೆ ಕರೆಯುವಾಗ ಆಂಟಿ ಬಾಗಿಲಲ್ಲೇ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಎಲ್ಲಾ ಸರಿ ಇತ್ತು ಅಂದ್ಬಿಡಪ್ಪ. ಯಾರಿಗೇನು ನಷ್ಟ."

ನಾನು ಕೂತೆ. ಅಂಕಲ್ ನನ್ನ ದನಿಯ ಕಡೆ ತಿರುಗಿದರು. ಪ್ರಯಾಣ ಹೇಗಿತ್ತು ಎಂದೇನೂ ಕೇಳಲಿಲ್ಲ.

"ನೋಡಿದ್ಯಾ?"

"ನೋಡ್ದೆ ಅಂಕಲ್. ಒಂದು ಇಳಿದು ಮತ್ತೆ ಹತ್ತಿತು."

"ಎಲ್ಲಿ?"

"ಹಿಂದಗಡೆ. ನೀರಿನ ಕಡೆ ಅಂಚು."

ಅಡುಗೆಮನೆಯಲ್ಲಿ ಆಂಟಿ ಪಾತ್ರೆಯ ಸದ್ದು ನಿಲ್ಲಿಸಿದರು. ಅಂಕಲ್ ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಅಲ್ಲಿ ಸ್ಕ್ರೀನ್ ಇದೆಯೇನೋ ಎಂಬಂತೆ ಎಡ ಮೂಲೆಗೆ ಒಂದು ಬೆರಳು ಇಟ್ಟರು.

"ಹೌದು. ನಂದೇ ಅದು. ತಪ್ಪಾಗಿದೆ ಅಂತ ಅಲ್ಲೊಂದು ಕೆಂಪು ಗುರುತು ಬಂದಿರತ್ತೆ. ನಂಗೆ ಕಾಣ್ಲಿಲ್ಲ." ಬೆರಳನ್ನು ಇಳಿಸಿ, "ಒಂದೇನಾ?" ಎಂದರು.

"ನಾನು ನೋಡಿದ್ದು ಒಂದೇ."

"ಹಾಗಾದ್ರೆ ಸರಿಯಾದ ಟೈಮಿಗೆ ಕೆಲ್ಸ ಬಿಟ್ಟೆ ಮಾರಾಯ," ಎಂದು ಅವರು ಸೋಫಾಕ್ಕೆ ಒರಗಿದರು. ಆಂಟಿಯನ್ನು ಕೂಗಿ, ಇವನಿಗೆ ಊಟಕ್ಕೆ ಹಾಕು ಎಂದರು. ಊಟದಲ್ಲಿ ಹುಳಿಖಾರದ ಬೂತಾಯಿ ಪುಳಿಮುಂಚಿ ಇತ್ತು.

ಸುದ್ದಿ ಬರೆಯುವಾಗ ಒಂದು ವಾಕ್ಯವನ್ನು ಇರಿಸಬೇಕೋ ತೆಗೆಯಬೇಕೋ ಎಂದು ಅನುಮಾನ ಬಂದರೆ ಈಗ ನಾನು ಆ ಸೋಫಾದ ಮುಂದೆ ಕೂತಿದ್ದೇನೆ ಎಂದುಕೊಳ್ಳುತ್ತೇನೆ. ಅಂದಿನಿಂದ ಅದು ನನ್ನ ಕೆಲಸದ ಕ್ರಮವಾಗಿದೆ.

ಎಡಗಣ್ಣು ಆ ವರ್ಷದ ಕೊನೆಗೆ ಪೂರ್ತಿ ಹೋಯಿತು. ಅಂಕಲ್ ಈಗ ಬೆಳಗ್ಗೆ ಆಂಟಿಯ ಭುಜ ಹಿಡಿದು ಮಾರ್ಕೆಟ್ಟಿಗೆ ಹೋಗುತ್ತಾರೆ. ಸಾಕಿದ ಸಿಹಿನೀರಿನ ಬಾಸಾ ಮೀನು ಕೊಡಲು ಬಂದವನಿಗೆ ಮೂಸಿ ನೋಡಿಯೇ ಬೇಡವೆನ್ನುತ್ತಾರೆ. ಹೋದ ತಿಂಗಳು ಅದೇ ಹಡಗು ಮತ್ತೆ ಪಾಸಿರ್ ಪಂಜಾಂಗ್‌ಗೆ ಬಂದು, ಬೇರೆಯವರ ಪ್ಲಾನಿನಂತೆ ತುಂಬಿಸಿಕೊಂಡು ಹೊರಟಿತು. ಬೇಕಾದರೆ ದಡದ ಪಾರ್ಕಿನಿಂದ ನೋಡಬಹುದು, ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅಂದು ಬೆಳಗ್ಗೆ ಅವರಿಗೆ ಕಣ್ಣಿನ ತಪಾಸಣೆ ಇತ್ತು, ಅಲ್ಲಿಗೆ ಹೋದರು. ಬಲಗಣ್ಣಿನ ಒತ್ತಡ ಹದದಲ್ಲಿದೆ, ದೃಷ್ಟಿ ಕಳೆದ ವರ್ಷ ಇದ್ದಷ್ಟೇ ಇದೆ ಎಂದು ವೈದ್ಯರು ಹೇಳಿದ್ದಾರೆ.